ಹುಂಜದಿಂದ ಹಸುಗೂಸಿನವರೆಗೆ: ಒಂದು ರಕ್ತಪರೀಕ್ಷೆಯ ಪೂರ್ವಕಥೆ



ಕಳೆದ ವರ್ಷ ದೀಪಾವಳಿಯ ಮರುದಿನ ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. ಅವನ ಹೆಸರು, ಊರು ಇಲ್ಲಿ ಬೇಡ. ಹಬ್ಬದ ಶುಭಾಶಯ, ಯೋಗಕ್ಷೇಮ ಎಲ್ಲ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. "ಸರ್, ಒಂದು ವಿಷಯ ಕೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ" ಎಂದು ದನಿ ತಗ್ಗಿಸಿದ. ಅವನಿಗೆ ಏಳು ತಿಂಗಳ ಗಂಡುಮಗುವಿದೆ. ಹುಟ್ಟಿದಾಗಿನಿಂದಲೂ ಮಗುವಿನ ಎರಡೂ ವೃಷಣಗಳು ಚೀಲಕ್ಕೆ ಇಳಿದಿಲ್ಲ. ತೊಡೆಸಂದಿಯಲ್ಲಿ ತಡಕಿದರೂ ವೈದ್ಯರ ಬೆರಳಿಗೆ ಸಿಗುತ್ತಿಲ್ಲ. ಹುಟ್ಟಿದ ವಾರದಲ್ಲಿಯೇ ವರ್ಣತಂತುಗಳ ಪರೀಕ್ಷೆ ಮಾಡಿಸಿ ಮಗು ಗಂಡೆಂಬುದನ್ನು ಖಚಿತಪಡಿಸಿಕೊಂಡಿದ್ದರು. ಈಗ ಎ.ಎಂ.ಎಚ್., ಇನ್‌ಹಿಬಿನ್ ಬಿ ಎಂಬ ಹೆಸರಿನ ರಕ್ತಪರೀಕ್ಷೆಗಳನ್ನು ಬರೆದುಕೊಟ್ಟಿದ್ದರು. "ಅಮ್ಮ ಹರಕೆ ಹೊತ್ತಿದ್ದಾರೆ, ತಾನಾಗಿಯೇ ಇಳಿಯುತ್ತೆ ಅಂತಾರೆ. ಆದರೆ ಸರ್, ಅದು ಹೊಟ್ಟೆಯೊಳಗೆ ಅಡಗಿದೆಯೋ, ಇಲ್ಲವೇ ಇಲ್ಲವೋ ಅನ್ನೋದನ್ನ ಒಂದು ಟ್ಯೂಬು ರಕ್ತ ಹೇಗೆ ಹೇಳುತ್ತೆ?" ಎಂಬುದು ಅವನ ಪ್ರಶ್ನೆ.

ಮೂರು ದಶಕಕ್ಕೂ ಹೆಚ್ಚು ಕಾಲ ಜೀವಶಾಸ್ತ್ರವನ್ನು ಬೋಧಿಸಿದ ನನಗೆ ಉತ್ತರ ತಿಳಿದಿರಲಿಲ್ಲ. "ನಾಲ್ಕು ದಿನ ಸಮಯ ಕೊಡಪ್ಪ" ಎಂದು ಹೇಳಿದೆ. ಉತ್ತರ ತಿಳಿಯದ ನಾಚಿಕೆಗಿಂತ ದೊಡ್ಡದಾದ ಇನ್ನೊಂದು ನಾಚಿಕೆ ಅಂದು ರಾತ್ರಿ ನನ್ನನ್ನು ಕಾಡಿತು. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಸಂತಾನೋತ್ಪತ್ತಿಯ ಪಾಠ ಬಂದಾಗ ನಾನು ಹೂವಿನ ಶಲಾಕಾಗ್ರ, ಪರಾಗಕೋಶಗಳನ್ನು ಎರಡು ಪೀರಿಯಡ್ಡು ವಿವರಿಸಿ, ಮನುಷ್ಯನ ಭಾಗ ಬಂದೊಡನೆ "ಇದನ್ನು ಮನೆಯಲ್ಲಿ ಓದಿಕೊಳ್ಳಿ, ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ" ಎಂದು ಪುಟ ತಿರುವುತ್ತಿದ್ದೆ. ನೀವು ಮುಸಿಮುಸಿ ನಗುತ್ತಿದ್ದಿರಿ. ನಾನು ಕರಿಹಲಗೆಯ ಕಡೆಗೆ ತಿರುಗುತ್ತಿದ್ದೆ. ಆ ತಪ್ಪಿಸಿಕೊಂಡ ಪಾಠವನ್ನು ಇಂದು ಇಲ್ಲಿ ಮಾಡುತ್ತಿದ್ದೇನೆ ಎಂದು ತಿಳಿಯಿರಿ. ನಾನು ವೈದ್ಯನಲ್ಲ. ಇದು ಚಿಕಿತ್ಸೆಯ ಸಲಹೆಯೂ ಅಲ್ಲ. ಒಂದು ಪ್ರಶ್ನೆಗೆ ಮನುಷ್ಯಕುಲ ಹೇಗೆ ಹಂತಹಂತವಾಗಿ ಉತ್ತರ ಕಂಡುಕೊಂಡಿತು ಎಂಬ ಚರಿತ್ರೆ ಮಾತ್ರ.

ನಮ್ಮ ಹಳ್ಳಿಗಳಲ್ಲಿ ದನ ಸಾಕಿದವರಿಗೆಲ್ಲ ಈ ಕಥೆಯ ಮೊದಲ ಅಧ್ಯಾಯ ಗೊತ್ತು. ಹೋರಿಯ ಬೀಜ ಒಡೆದರೆ ಅದು ಎತ್ತಾಗುತ್ತದೆ. ಅದರ ಸೊಕ್ಕು ಇಳಿದು ಅದು ನೊಗಕ್ಕೆ ಒಗ್ಗುತ್ತದೆ. ಪ್ರಪಂಚದ ಎಲ್ಲ ಬೇಸಾಯದ ನಾಡುಗಳಲ್ಲಿಯೂ ಈ ತಿಳಿವಳಿಕೆ ಇತ್ತು. ಕೋಳಿಯ ಬೀಜ ತೆಗೆದರೆ ಏನಾಗುತ್ತದೆಂಬುದನ್ನು ಗ್ರೀಸಿನ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಆದರೆ ದೇಹದ ಒಂದು ಮೂಲೆಯಲ್ಲಿರುವ ಅಂಗ ತೆಗೆದರೆ ಕೋಳಿಯ ಕೂಗು, ನೆತ್ತಿಯ ಜುಟ್ಟು, ಜಗಳದ ಸ್ವಭಾವ ಇವೆಲ್ಲ ಏಕೆ ಬದಲಾಗಬೇಕು? ಈ 'ಏಕೆ' ಎಂಬುದನ್ನು ಪ್ರಯೋಗದಿಂದ ಬಿಡಿಸಲು 1849ರವರೆಗೆ ಕಾಯಬೇಕಾಯಿತು.

ಅದಕ್ಕೂ ಮೊದಲು ವೃಷಣದ ಪ್ರಯಾಣದ ವಿಚಾರ ತಿಳಿಯಬೇಕು. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಗರ್ಭದಲ್ಲಿಯೇ ಮೃತವಾದ ಶಿಶುಗಳನ್ನು ಸೀಳಿ ನೋಡಿ, 1762ರಲ್ಲಿ ತನ್ನ ಅವಲೋಕನಗಳನ್ನು ಪ್ರಕಟಿಸಿದ. ವೃಷಣ ಹುಟ್ಟುವುದು ಚೀಲದಲ್ಲಲ್ಲ, ಹೊಟ್ಟೆಯೊಳಗೆ, ಮೂತ್ರಪಿಂಡದ ಬಳಿ. ಅಲ್ಲಿಂದ ಅದು ಮೆಲ್ಲಮೆಲ್ಲನೆ ಕೆಳಗಿಳಿದು, ಗರ್ಭದ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿಯ ಕಾಲುವೆ ದಾಟಿ ಚೀಲ ಸೇರುತ್ತದೆ. ವೃಷಣಕ್ಕೂ ಚೀಲಕ್ಕೂ ನಡುವೆ ಒಂದು ಮೆದುವಾದ ಹುರಿಯಿರುವುದನ್ನು ಹಂಟರ್ ಕಂಡ. ವೃಷಣಕ್ಕೆ ದಾರಿ ತೋರುವುದು ಇದೇ ಎಂದೆಣಿಸಿ ಅದಕ್ಕೆ 'ಗುಬರ್ನ್ಯಾಕುಲಮ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಹಡಗಿನ ಚುಕ್ಕಾಣಿ. ಇಳಿಯದ ವೃಷಣದಲ್ಲಿ ದೋಷ ದಾರಿಯದಾಗಿರದೆ ವೃಷಣದ್ದೇ ಆಗಿರಬಹುದು ಎಂದೂ ಅವನು ಊಹಿಸಿದ್ದ. ಆದರೆ ಆ ಚುಕ್ಕಾಣಿಯನ್ನು ಹಿಡಿದವರು ಯಾರು ಎಂಬುದು ಅವನ ಕಾಲದಲ್ಲಿ ತಿಳಿಯುವಂತಿರಲಿಲ್ಲ.

ಈಗ 1849ಕ್ಕೆ ಬರೋಣ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಬೆರ್ಟೋಲ್ಡ್ ಎಂಬ ಪ್ರಾಧ್ಯಾಪಕನಿದ್ದ. ಅವನು ಆರು ಹುಂಜದ ಮರಿಗಳನ್ನು ತೆಗೆದುಕೊಂಡ. ಎರಡರ ವೃಷಣಗಳನ್ನು ಪೂರ್ತಿ ತೆಗೆದುಹಾಕಿದ. ಉಳಿದ ನಾಲ್ಕರಲ್ಲಿ, ತೆಗೆದ ವೃಷಣವೊಂದನ್ನು ಮತ್ತೆ ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ಇರಿಸಿದ. ಅವುಗಳಲ್ಲಿ ಎರಡಕ್ಕೆ ತಮ್ಮದಲ್ಲ, ಪರಸ್ಪರರದನ್ನು ಅದಲುಬದಲಾಗಿ ಇಟ್ಟ. ಮೊದಲಿನ ಎರಡು ಮರಿಗಳು ಜುಟ್ಟು ಬೆಳೆಯದೆ ಸಪ್ಪೆಯಾಗಿ ಉಳಿದವು. ಉಳಿದ ನಾಲ್ಕೂ ಕೆಂಪು ಜುಟ್ಟು ಬೆಳೆಸಿ, ಬೆಳಗಾದರೆ ಕೂಗಿ, ಹೇಂಟೆಗಳ ಹಿಂದೆ ಬಿದ್ದವು. ಕೊಯ್ದು ನೋಡಿದರೆ, ನೆಟ್ಟ ವೃಷಣ ಕರುಳಿಗೆ ಅಂಟಿಕೊಂಡು ರಕ್ತನಾಳ ಬೆಳೆಸಿಕೊಂಡಿತ್ತು. ಹಳೆಯ ನರದ ಸಂಪರ್ಕ ಇರಲಿಲ್ಲ. ನರದ ಮೂಲಕವಲ್ಲದಿದ್ದರೆ ಸಂದೇಶ ಹೋದದ್ದು ಹೇಗೆ? ರಕ್ತದ ಮೂಲಕ ಎಂದು ಬೆರ್ಟೋಲ್ಡ್ ತೀರ್ಮಾನಿಸಿದ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಬೀಜ ಇಲ್ಲಿಯೇ ಇದೆ. ವೃಷಣ ಎಲ್ಲಿಯೇ ಇರಲಿ, ಚೀಲದಲ್ಲಿರಲಿ, ಕರುಳಿಗೆ ಅಂಟಿಕೊಂಡಿರಲಿ, ಅದು ರಕ್ತಕ್ಕೆ ಏನನ್ನೋ ಬಿಡುತ್ತದೆ. ಆದ್ದರಿಂದ ರಕ್ತವನ್ನು ಕೇಳಿದರೆ ಅದರ ಇರವು ತಿಳಿಯಬೇಕು. ಆದರೆ ಬೆರ್ಟೋಲ್ಡನ ನಾಲ್ಕು ಪುಟಗಳ ಆ ಲೇಖನವನ್ನು ಜನ ಬಹುಕಾಲ ಮರೆತೇಬಿಟ್ಟರು. ರಕ್ತದಲ್ಲಿ ಸಂಚರಿಸುವ ಇಂತಹ ದೂತವಸ್ತುಗಳಿಗೆ 'ಹಾರ್ಮೋನ್' ಎಂಬ ಹೆಸರನ್ನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ವೃಷಣದ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1935ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ ಅರ್ನೆಸ್ಟ್ ಲಾಕರನ ತಂಡ. ಹೋರಿಗಳ ವೃಷಣಗಳನ್ನು ರಾಶಿರಾಶಿಯಾಗಿ ಅರೆದು ಅವರು ಪಡೆದದ್ದು ಕೆಲವೇ ಮಿಲಿಗ್ರಾಂ ಹರಳು. ಅದಕ್ಕೆ ಟೆಸ್ಟೋಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ವಿಧಾನಗಳನ್ನು ಕಂಡುಹಿಡಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಆ ಇಬ್ಬರಿಗೂ ಸಂದಿತು. ಈ 1935 ಎಂಬ ಇಸವಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾರ್ಮೋನು ಸಿಕ್ಕಿತು. ಆದರೆ ರಕ್ತದಲ್ಲಿ ಅದನ್ನು ಅಳೆಯುವುದು ಹೇಗೆ? ಒಂದು ಮಿಲಿಲೀಟರಿನಲ್ಲಿ ಒಂದು ಗ್ರಾಮಿನ ಶತಕೋಟಿಯ ಕೆಲವು ಭಾಗದಷ್ಟಿರುವ ವಸ್ತುವನ್ನು ಯಾವ ತಕ್ಕಡಿಯೂ ತೂಗಲಾರದು. ಈ ಬಾಗಿಲನ್ನು ತೆರೆದವರು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿ, ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. 1950ರ ದಶಕದ ಕೊನೆಯಲ್ಲಿ ಅವರು ಇನ್ಸುಲಿನ್ನಿಗಾಗಿ ರೂಪಿಸಿದ ವಿಧಾನವೇ ರೇಡಿಯೋ ಇಮ್ಯುನೋ ಅಸ್ಸೇ. ತರಗತಿಯಲ್ಲಾಗಿದ್ದರೆ ಹೀಗೆ ವಿವರಿಸುತ್ತಿದ್ದೆ: ನಮ್ಮೂರಿನ ಬಸ್ಸಿನಲ್ಲಿ ಐವತ್ತೇ ಸೀಟು ಎಂದುಕೊಳ್ಳಿ. ಐವತ್ತು ಮಂದಿ ಕೆಂಪು ಟೋಪಿಯವರನ್ನು ನಾವೇ ಕಳಿಸಿದ್ದೇವೆ. ಊರಿನವರು ಎಷ್ಟು ಮಂದಿ ಬಂದರೋ ತಿಳಿಯದು. ಎಲ್ಲರೂ ನುಗ್ಗಿದ ಮೇಲೆ ಕುಳಿತವರಲ್ಲಿ ಕೆಂಪು ಟೋಪಿ ಎಷ್ಟೆಂದು ಎಣಿಸಿದರೆ, ಊರಿನವರ ಸಂಖ್ಯೆಯನ್ನು ಲೆಕ್ಕ ಹಾಕಬಹುದು. ಟೋಪಿ ಕಡಿಮೆ ಕಂಡಷ್ಟೂ ಊರಿನವರು ಹೆಚ್ಚು. ಇಲ್ಲಿ ಸೀಟೆಂದರೆ ಪ್ರತಿಕಾಯ, ಕೆಂಪು ಟೋಪಿಯೆಂದರೆ ವಿಕಿರಣದ ಗುರುತು ಹಚ್ಚಿದ ಹಾರ್ಮೋನು, ಊರಿನವರೆಂದರೆ ರೋಗಿಯ ರಕ್ತದಲ್ಲಿರುವ ಹಾರ್ಮೋನು. ಈ ವಿಧಾನಕ್ಕೆ ಅವರು ಪೇಟೆಂಟು ಪಡೆಯಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ದೊರೆಯಿತು.

ಅಳೆಯುವ ಕೋಲು ಕೈಗೆ ಬಂದೊಡನೆ ವೈದ್ಯರು ಮಕ್ಕಳ ರಕ್ತದಲ್ಲಿ ಟೆಸ್ಟೋಸ್ಟೆರೋನನ್ನು ಹುಡುಕಿದರು. ಅಲ್ಲಿ ಒಂದು ತೊಡಕು ಕಾದಿತ್ತು. ಗಂಡುಮಗು ಹುಟ್ಟಿದ ಮೊದಲ ಕೆಲವು ತಿಂಗಳು ಅದರ ವೃಷಣ ಚುರುಕಾಗಿ ಟೆಸ್ಟೋಸ್ಟೆರೋನನ್ನು ಸ್ರವಿಸುತ್ತದೆ. ಇದು ಫ್ರಾನ್ಸಿನ ಸಂಶೋಧಕರಿಂದ 1973ರಲ್ಲಿ ಬೆಳಕಿಗೆ ಬಂದಿತು. ಈ ಅವಧಿಯನ್ನು ಈಗ ಕಿರುಯೌವನ ಎನ್ನಬಹುದಾದ ಹೆಸರಿನಿಂದ ಕರೆಯುತ್ತಾರೆ. ಆದರೆ ಸುಮಾರು ಆರು ತಿಂಗಳಿಗೆ ಅದು ಇಳಿದು, ಹದಿಹರೆಯದವರೆಗೆ ನಾಮಮಾತ್ರವಾಗಿ ಉಳಿಯುತ್ತದೆ. ಐದು ವರ್ಷದ ಆರೋಗ್ಯವಂತ ಹುಡುಗನ ರಕ್ತದಲ್ಲಿಯೂ ಅದು ಅತ್ಯಲ್ಪ, ವೃಷಣವೇ ಇಲ್ಲದ ಹುಡುಗನಲ್ಲಿಯೂ ಅತ್ಯಲ್ಪ. ಇಬ್ಬರನ್ನೂ ಬೇರೆಮಾಡಿ ತಿಳಿಯುವುದು ಹೇಗೆ?

ನಾನು ಹಾಜರಿ ಕರೆಯುವಾಗ ಕೆಲವರು ಮೊದಲ ಕೂಗಿಗೆ ಉತ್ತರಿಸುತ್ತಿರಲಿಲ್ಲ. ದನಿ ಏರಿಸಿ ಎರಡನೆಯ ಬಾರಿ ಕರೆದರೆ "ಹಾಜರ್ ಸಾರ್" ಎನ್ನುತ್ತಿದ್ದರು. ವೈದ್ಯರೂ ಅದನ್ನೇ ಮಾಡಿದರು. ಬರ್ಲಿನ್ನಿನಲ್ಲಿ 1927ರಲ್ಲಿ ಆಶೈಮ್ ಮತ್ತು ಜೋಂಡೆಕ್ ಎಂಬ ವೈದ್ಯರು ಬಸುರಿಯರ ಮೂತ್ರದಲ್ಲಿ ಒಂದು ಹಾರ್ಮೋನಿನ ಪರಿಣಾಮವನ್ನು ಕಂಡಿದ್ದರು. ಅದೇ ಇಂದಿನ ಎಚ್.ಸಿ.ಜಿ. ಇದನ್ನು ಚುಚ್ಚುಮದ್ದಾಗಿ ಕೊಟ್ಟರೆ ಸುಮ್ಮನಿದ್ದ ವೃಷಣ ಎಚ್ಚೆತ್ತು ಟೆಸ್ಟೋಸ್ಟೆರೋನನ್ನು ಸ್ರವಿಸುತ್ತದೆ. ಕೆಲವು ದಿನ ಚುಚ್ಚುಮದ್ದು ಕೊಟ್ಟು, ಮುಂಚೆ ಮತ್ತು ಅನಂತರ ರಕ್ತ ಅಳೆಯುವುದು ದಶಕಗಳ ಕಾಲ ನಡೆದುಬಂದ ಪದ್ಧತಿಯಾಯಿತು. ಆದರೂ ಅದರಲ್ಲಿ ಸಂದೇಹಕ್ಕೆ ಎಡೆಯಿತ್ತು. ಎರಡನೆಯ ಕೂಗಿಗೂ ಓಗೊಡದ ಮಕ್ಕಳಿರುತ್ತಾರೆ. ಅವರು ಗೈರುಹಾಜರೆಂದು ಬರೆದುಬಿಡಬಹುದೇ? ಆ ಕಾಲದಲ್ಲಿ ಎಷ್ಟೋ ಮಕ್ಕಳ ಹೊಟ್ಟೆಯನ್ನು ಕೊಯ್ದೇ ನೋಡಬೇಕಾಗುತ್ತಿತ್ತು.

ಈ ಕಗ್ಗಂಟನ್ನು ಬಿಡಿಸಿದ ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಹಸುವಿನ ಕೊಟ್ಟಿಗೆಯಿಂದ. ಹಸು ಅವಳಿ ಕರು ಹಾಕಿ, ಒಂದು ಹೋರಿಗರು ಇನ್ನೊಂದು ಹೆಣ್ಣುಗರುವಾದರೆ, ಆ ಹೆಣ್ಣುಗರು ಬಹುಪಾಲು ಬಂಜೆಯಾಗುತ್ತದೆ. ಮೇಲೆ ಹೇಳಿದ ಜಾನ್ ಹಂಟರನೇ 1779ರಲ್ಲಿ ಇಂತಹ ಕರುಗಳನ್ನು ಕುರಿತು ಬರೆದಿದ್ದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಗರ್ಭದಲ್ಲಿ ಎರಡೂ ಕರುಗಳ ರಕ್ತ ಬೆರೆಯುವುದರಿಂದ ಹೋರಿಗರುವಿನ ಯಾವುದೋ ಹಾರ್ಮೋನು ಹೆಣ್ಣುಗರುವಿನ ಅಂಗಗಳನ್ನು ಕುಗ್ಗಿಸುತ್ತದೆಂದು ವಿಜ್ಞಾನಿಗಳು ಊಹಿಸಿದರು. ಪ್ಯಾರಿಸ್ಸಿನ ಆಲ್ಫ್ರೆಡ್ ಜೋಸ್ಟ್ ಈ ಊಹೆಯನ್ನು ಮೊಲಗಳಲ್ಲಿ ಪರೀಕ್ಷಿಸಿದರು.

ಜೋಸ್ಟ್ ಮಾಡಿದ ಕೆಲಸದ ಸೂಕ್ಷ್ಮವನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ತಾಯಿಮೊಲದ ಗರ್ಭಕೋಶವನ್ನು ತೆರೆದು, ಒಳಗಿರುವ ಎಳೆಯ ಭ್ರೂಣದ ವೃಷಣಗಳನ್ನು ತೆಗೆದು, ಮತ್ತೆ ಹೊಲಿದು, ಅದು ಬೆಳೆಯಲು ಬಿಡುತ್ತಿದ್ದರು. ಯಾವ ಭ್ರೂಣಕ್ಕೂ ಆರಂಭದಲ್ಲಿ ಎರಡು ಜೊತೆ ನಾಳಗಳಿರುತ್ತವೆ: ಗಂಡಿನ ಅಂಗವಾಗಬಲ್ಲ ವುಲ್ಫನ ನಾಳಗಳು, ಗರ್ಭಕೋಶವಾಗಬಲ್ಲ ಮ್ಯುಲ್ಲರನ ನಾಳಗಳು. ವೃಷಣ ಕಳೆದುಕೊಂಡ ಗಂಡುಭ್ರೂಣಗಳೆಲ್ಲ ಹೆಣ್ಣಿನ ಅಂಗರಚನೆಯನ್ನು ತಾಳಿದವು. ಅವುಗಳಲ್ಲಿ ಗರ್ಭಕೋಶ ಬೆಳೆಯಿತು. ಆಗ ಜೋಸ್ಟ್ ಇನ್ನೊಂದು ಹೆಜ್ಜೆ ಇಟ್ಟರು. ವೃಷಣದ ಬದಲಿಗೆ ಪುರುಷ ಹಾರ್ಮೋನಿನ ಹರಳನ್ನು ಇಟ್ಟು ನೋಡಿದರು. ಗಂಡಿನ ನಾಳಗಳು ಉಳಿದುಕೊಂಡವು, ಆದರೆ ಗರ್ಭಕೋಶದ ನಾಳಗಳು ಅಳಿಯಲಿಲ್ಲ! ಎಂದರೆ, ವೃಷಣ ಎರಡು ಬೇರೆಬೇರೆ ವಸ್ತುಗಳನ್ನು ತಯಾರಿಸುತ್ತದೆ. ಒಂದು ಕಟ್ಟುತ್ತದೆ, ಅದು ಟೆಸ್ಟೋಸ್ಟೆರೋನ್. ಇನ್ನೊಂದು ಮ್ಯುಲ್ಲರನ ನಾಳವನ್ನು ಅಳಿಸುತ್ತದೆ. ಈ ಎರಡನೆಯದಕ್ಕೆ ಮುಂದೆ ಆಂಟಿ ಮ್ಯುಲ್ಲೇರಿಯನ್ ಹಾರ್ಮೋನ್, ಎಂದರೆ ಎ.ಎಂ.ಎಚ್. ಎಂಬ ಹೆಸರು ನಿಂತಿತು. ಜೋಸ್ಟರ ಈ ಪ್ರಯೋಗಗಳು ಪ್ರಕಟವಾದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಟೆಸ್ಟೋಸ್ಟೆರೋನನ್ನು ತಯಾರಿಸುವುದು ಲೈಡಿಗ್ ಕೋಶಗಳು. ಅವನ್ನು ಫ್ರಾಂಜ್ ಲೈಡಿಗ್ 1850ರಲ್ಲಿ ವರ್ಣಿಸಿದ್ದ. ಎ.ಎಂ.ಎಚ್. ತಯಾರಿಸುವುದು ಸರ್ಟೋಲಿ ಕೋಶಗಳು. ಅವನ್ನು ಇಟಲಿಯ ಎನ್ರಿಕೋ ಸರ್ಟೋಲಿ 1865ರಲ್ಲಿ ವರ್ಣಿಸಿದ್ದ. ವೀರ್ಯಾಣುಗಳನ್ನು ಪೋಷಿಸುವ ಈ ದಾದಿಕೋಶಗಳಿಗೆ ಇಂತಹದೊಂದು ಕೆಲಸವೂ ಇದೆಯೆಂದು ಆಗ ಯಾರು ತಾನೇ ಎಣಿಸಿದ್ದರು! ಪ್ಯಾರಿಸ್ಸಿನಲ್ಲಿ ನತಾಲಿ ಜೊಸ್ಸೋ, ಬಾಸ್ಟನ್ನಿನಲ್ಲಿ ಮಕ್ಕಳ ಶಸ್ತ್ರವೈದ್ಯೆ ಪೆಟ್ರೀಷಿಯಾ ಡೊನಾಹೋ, ಇವರ ತಂಡಗಳು ವರ್ಷಾನುಗಟ್ಟಲೆ ಇದರ ಬೆನ್ನು ಹತ್ತಿದವು. 1986ರಲ್ಲಿ ಅದರ ಜೀನ್ ಸಿಕ್ಕಿತು. 1990ರ ಸುಮಾರಿಗೆ ರಕ್ತದಲ್ಲಿ ಅದನ್ನು ಅಳೆಯುವುದು ಸಾಧ್ಯವಾಯಿತು.

ಅಳೆದು ನೋಡಿದಾಗ ಕಂಡದ್ದೇ ಈ ಚರಿತ್ರೆಯ ತಿರುವು. ಗರ್ಭದಲ್ಲಿ ನಾಳವನ್ನು ಅಳಿಸಿದ ಮೇಲೆ ಈ ಹಾರ್ಮೋನಿಗೆ ಕೆಲಸ ಮುಗಿಯಿತೆಂದು ಎಣಿಸಬಹುದಾಗಿತ್ತು. ಆದರೆ ಬಾಲ್ಯದುದ್ದಕ್ಕೂ ಗಂಡುಮಕ್ಕಳ ರಕ್ತದಲ್ಲಿ ಅದು ಧಾರಾಳವಾಗಿರುತ್ತದೆ. ಹದಿಹರೆಯದಲ್ಲಿ ಟೆಸ್ಟೋಸ್ಟೆರೋನ್ ಏರತೊಡಗಿದಾಗಲಷ್ಟೇ ಅದು ಇಳಿಯುತ್ತದೆ. ಬಾಲ್ಯದಲ್ಲಿ ವೃಷಣ ನಿದ್ರಿಸುತ್ತಿರುತ್ತದೆ ಎಂದು ನಂಬಿದ್ದೆವು. ಅದು ನಿದ್ರಿಸುತ್ತಿರಲೇ ಇಲ್ಲ. ನಾವು ಕೇಳಬೇಕಾದವರನ್ನು ಬಿಟ್ಟು ಬೇರೆಯವರನ್ನು ಕೇಳುತ್ತಿದ್ದೆವು, ಅಷ್ಟೇ. ಲೈಡಿಗ್ ಕೋಶ ಮೌನವಾಗಿದ್ದಾಗಲೂ ಪಕ್ಕದ ಬೆಂಚಿನ ಸರ್ಟೋಲಿ ಕೋಶ ಹಾಜರಿ ಹೇಳುತ್ತಲೇ ಇತ್ತು.

ಬಾಸ್ಟನ್ನಿನ ಮೇರಿ ಲೀ, ಡೊನಾಹೋ ಮತ್ತು ಸಂಗಡಿಗರು ವೃಷಣ ಕೈಗೆ ಸಿಗದ 65 ಮಕ್ಕಳ ರಕ್ತದಲ್ಲಿ ಇದನ್ನು ಅಳೆದು 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿಯೂ ವೃಷಣ ಇಲ್ಲದಿರುವುದನ್ನು ಈ ಪರೀಕ್ಷೆ ನೂರಕ್ಕೆ 92ರಷ್ಟು ಹಿಡಿಯಿತು. ವೃಷಣ ಇರುವವರಲ್ಲಿ ನೂರಕ್ಕೆ 98ರಷ್ಟು ಮಂದಿಯನ್ನು ಇರುವವರೆಂದೇ ಸರಿಯಾಗಿ ಗುರುತಿಸಿತು. ಟೆಸ್ಟೋಸ್ಟೆರೋನ್ ಪರೀಕ್ಷೆಯಲ್ಲಿ ಈ ಅಂಕಗಳು 69 ಮತ್ತು 83 ಮಾತ್ರ. ನಮ್ಮ ಲೆಕ್ಕದಲ್ಲಿ ಒಂದು ಪ್ರಥಮ ಶ್ರೇಣಿ, ಇನ್ನೊಂದು ಡಿಸ್ಟಿಂಕ್ಷನ್ನಿಗಿಂತ ಎಷ್ಟೋ ಮೇಲೆ!

ಇನ್‌ಹಿಬಿನ್ ಬಿ ಕಥೆಯನ್ನು ಚುಟುಕಾಗಿ ಹೇಳುವೆ. ವೃಷಣ ತೆಗೆದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತದೆ. ವೃಷಣದಿಂದ ಅದಕ್ಕೆ ಕಡಿವಾಣ ಹಾಕುವ ನೀರಿನಲ್ಲಿ ಕರಗುವ ವಸ್ತುವೊಂದು ಹೋಗುತ್ತಿರಬೇಕೆಂದು ಅಮೆರಿಕದ ಮಕಲ್ಲಾ 1932ರಲ್ಲಿ ತೋರಿಸಿ, ಅದಕ್ಕೆ ಇನ್‌ಹಿಬಿನ್ ಎಂದು ಹೆಸರಿಟ್ಟ. ಅದು ಶುದ್ಧರೂಪದಲ್ಲಿ ಸಿಕ್ಕಿದ್ದು 1985ರಲ್ಲಿ, ಅದೂ ವೃಷಣದಿಂದಲ್ಲ, ಅಂಡಾಶಯದ ದ್ರವದಿಂದ! ಗಂಡಸರಲ್ಲಿ ಮುಖ್ಯವಾದದ್ದು ಅದರ 'ಬಿ' ರೂಪವೆಂದು 1996ರಲ್ಲಿ ತಿಳಿಯಿತು. ಇದೂ ಸರ್ಟೋಲಿ ಕೋಶದ್ದೇ, ಬಾಲ್ಯದಲ್ಲಿಯೂ ಅಳೆಯಬಹುದಾದದ್ದು. ಎರಡೂ ಹಾರ್ಮೋನು ರಕ್ತದಲ್ಲಿ ಕಾಣಿಸದೆ, ಪಿಟ್ಯುಟರಿಯ ಎಫ್.ಎಸ್.ಎಚ್. ಮಿತಿಮೀರಿ ಏರಿದ್ದರೆ, ವೃಷಣ ಇಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯ. ಇನ್ನು ಹಂಟರನ ಚುಕ್ಕಾಣಿಯನ್ನು ಹಿಡಿದವನೂ ಕೊನೆಗೆ ಸಿಕ್ಕ. ಲೈಡಿಗ್ ಕೋಶದ ಇನ್ಸುಲಿನ್‌ನಂಥ ಒಂದು ಹಾರ್ಮೋನು ಇಲ್ಲದ ಇಲಿಗಳಲ್ಲಿ ವೃಷಣ ಹೊಟ್ಟೆಯಲ್ಲಿಯೇ ಉಳಿಯುತ್ತದೆಂದು 1999ರಲ್ಲಿ ಎರಡು ತಂಡಗಳು ತೋರಿಸಿದವು. ಪ್ರಶ್ನೆ ಹುಟ್ಟಿ 237 ವರ್ಷಗಳ ಮೇಲೆ!

ಈ ಪರೀಕ್ಷೆಗೆ ಮಿತಿಗಳೂ ಇವೆ. ಅದನ್ನು ಹೇಳದಿದ್ದರೆ ಪಾಠ ಅಪೂರ್ಣ. ಒಂದು ಕಡೆಯ ವೃಷಣ ಮಾತ್ರ ಕಾಣದಿದ್ದಾಗ ರಕ್ತ ಏನನ್ನೂ ಹೇಳಲಾರದು, ಏಕೆಂದರೆ ಇನ್ನೊಂದು ಕಡೆಯದು ಹಾಜರಿ ಹೇಳುತ್ತಿರುತ್ತದೆ. ವೃಷಣ ಎಲ್ಲಿದೆ ಎಂಬುದನ್ನೂ ರಕ್ತ ತಿಳಿಸದು. ಎ.ಎಂ.ಎಚ್. ಜೀನಿನಲ್ಲಿಯೇ ದೋಷವಿರುವ ಅಪರೂಪದ ಗಂಡುಮಕ್ಕಳಲ್ಲಿ ವೃಷಣವಿದ್ದೂ ಈ ಹಾರ್ಮೋನು ಇರುವುದಿಲ್ಲ. ಜೋಸ್ಟರ ಮೊಲಗಳಂತೆ ಅವರ ಹೊಟ್ಟೆಯಲ್ಲಿ ಪುಟ್ಟ ಗರ್ಭಕೋಶವೂ ಇರುತ್ತದೆ. ಹಾಗೆಯೇ, ಗಂಡೆಂದು ಕಾಣುವ ನವಜಾತ ಶಿಶುವಿಗೆ ಎರಡೂ ವೃಷಣ ಸಿಗದಿದ್ದರೆ, ಮೊದಲು ವರ್ಣತಂತು ಪರೀಕ್ಷೆ ಆಗಬೇಕು. ಅಡ್ರಿನಲ್ ಗ್ರಂಥಿಯ ಒಂದು ಜನ್ಮಜಾತ ದೋಷದಿಂದ ಹೆಣ್ಣುಮಗುವೇ ಹಾಗೆ ಕಾಣಬಹುದು. ಅದನ್ನು ತಡಮಾಡಿದರೆ ಜೀವಕ್ಕೇ ಅಪಾಯ. ನಮ್ಮ ಹೆಣ್ಣುಮಕ್ಕಳು ಬಂಜೆತನದ ಚಿಕಿತ್ಸೆಗೆ ಹೋದಾಗ ಬರೆಯುವ ಎ.ಎಂ.ಎಚ್. ಪರೀಕ್ಷೆಯೂ ಇದೇ ಹಾರ್ಮೋನಿನದು. ಅಲ್ಲಿ ಅದು ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಅಂದಾಜು ಕೊಡುತ್ತದೆ.

ಇಷ್ಟನ್ನು ಓದಿಕೊಳ್ಳುವ ಹೊತ್ತಿಗೆ, ನನ್ನ ಇನ್ನೊಬ್ಬ ವಿದ್ಯಾರ್ಥಿಯ ಮುಖ ಕಣ್ಣ ಮುಂದೆ ಬಂದು ನಿಂತಿತ್ತು. 1980ರ ದಶಕದ ಕೊನೆಯ ಮಾತು. ಹತ್ತನೆಯ ತರಗತಿಯ ಹುಡುಗ, ಲೆಕ್ಕದಲ್ಲಿ ಚುರುಕು. ಅವನ ಓರಗೆಯವರಿಗೆಲ್ಲ ದನಿ ಒಡೆದು ಮೀಸೆ ಚಿಗುರುತ್ತಿದ್ದಾಗ ಅವನ ದನಿ ಮಾತ್ರ ಎಳೆಯದಾಗಿಯೇ ಇತ್ತು. ಹುಡುಗರು ಅಡ್ಡಹೆಸರಿಟ್ಟರು. ಕೆರೆಗೆ ಈಜಲು ಹೋದಾಗ ಏನೋ ನಡೆಯಿತು. ಮರುದಿನದಿಂದ ಅವನು ಕೊನೆಯ ಬೆಂಚಿಗೆ ಸರಿದ. ಹಾಜರಿ ಕರೆದರೆ ತುಟಿ ಬಿಚ್ಚದೆ ಕೈ ಮಾತ್ರ ಎತ್ತುತ್ತಿದ್ದ. ಆ ಗುಂಪಿನಲ್ಲಿ ನನಗೆ ವಿಷಯ ತಿಳಿಯಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ತಿಳಿದಿತ್ತು. ಅವನ ತಂದೆ ಸಂತೆಯಲ್ಲಿ ಸಿಕ್ಕಾಗ, ಜಿಲ್ಲಾಸ್ಪತ್ರೆಗೊಮ್ಮೆ ತೋರಿಸಿ ಎನ್ನಬೇಕೆಂದುಕೊಂಡೆ. ಮಳೆ ಬೆಳೆಯ ಮಾತಾಡಿ ಬಂದೆ. ಅವರೂ ದೇವರಿಗೆ ಹರಕೆ ಕಟ್ಟಿದ್ದರು. ನಾನು ಮೌನದ ಹರಕೆ ಕಟ್ಟಿದ್ದೆ. ಹುಡುಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲಿಲ್ಲ.

ಹಲವು ವರ್ಷಗಳ ಹಿಂದೆ ಅವನು ಒಂದು ಮದುವೆಮನೆಯಲ್ಲಿ ಸಿಕ್ಕಿದ್ದ. ಗಟ್ಟಿ ದನಿ, ಕುರುಚಲು ಗಡ್ಡ. ನನಗೆ ಗುರುತೇ ಹತ್ತಲಿಲ್ಲ. ಊಟದ ಪಂಕ್ತಿ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತಾನೇ ಎಲ್ಲವನ್ನೂ ಹೇಳಿದ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಗರದ ವೈದ್ಯರೊಬ್ಬರು ಪರೀಕ್ಷಿಸಿ, ಹುಟ್ಟುವ ಮುನ್ನವೇ ಅವನ ಎರಡೂ ವೃಷಣಗಳು ರಕ್ತಸಂಚಾರ ನಿಂತು ನಶಿಸಿಹೋಗಿದ್ದವೆಂದು ತಿಳಿಸಿದರಂತೆ. ಜೋಸ್ಟರ ಪಾಠವನ್ನು ಇಲ್ಲಿ ಹೊಂದಿಸಿ ನೋಡಿ: ಅವನು ಗಂಡಾಗಿ ಹುಟ್ಟಿದ್ದಾನೆ, ಗರ್ಭಕೋಶ ಇಲ್ಲ ಎಂದರೆ, ಗರ್ಭದ ಮೊದಲ ತಿಂಗಳುಗಳಲ್ಲಿ ವೃಷಣ ಇದ್ದು ತನ್ನ ಎರಡೂ ಕೆಲಸ ಮುಗಿಸಿಯೇ ಹೋಗಿರಬೇಕು. ಟೆಸ್ಟೋಸ್ಟೆರೋನ್ ಚುಚ್ಚುಮದ್ದು ಆರಂಭಿಸಿದ ಮೇಲೆ ಒಂದೆರಡು ವರ್ಷದಲ್ಲಿ ಅವನ ದನಿ ಒಡೆಯಿತು, ಗಡ್ಡ ಬಂತು. ಮಕ್ಕಳಾಗುವ ಸಾಧ್ಯತೆ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಅದನ್ನು ಯಾರೂ ತಂದುಕೊಡಲಾಗುತ್ತಿರಲಿಲ್ಲ. ಆದರೆ ಹನ್ನೆರಡು ಹದಿಮೂರರ ವಯಸ್ಸಿಗೇ ಆ ಮದ್ದು ಆರಂಭವಾಗಿದ್ದರೆ, ಅವನ ದನಿ ಓರಗೆಯವರ ಜೊತೆಯಲ್ಲಿಯೇ ಒಡೆಯುತ್ತಿತ್ತು. ಆ ಔಷಧ 1935ರಿಂದಲೂ ಲೋಕಕ್ಕೆ ಗೊತ್ತಿತ್ತು. ಅವನು ನನ್ನ ತರಗತಿಯಲ್ಲಿ ಕುಳಿತಾಗ ಅದಕ್ಕೆ ಐವತ್ತು ವರ್ಷ ಮೀರಿತ್ತು. ಕೊರತೆಯಿದ್ದದ್ದು ವಿಜ್ಞಾನದ್ದಲ್ಲ.

"ನಿಮಗೆ ಗೊತ್ತಿತ್ತಲ್ವಾ ಸಾರ್?" ಎಂದು ಅವನು ಕೇಳಿದ. ಕೋಪದಿಂದಲ್ಲ. ನಾನು ಹೌದೆಂದೆ. ಅವನು ನನ್ನ ಕೈ ಹಿಡಿದು, "ಹೋಗ್ಲಿ ಬಿಡಿ ಸಾರ್, ಇನ್ನು ಮುಂದೆ ಯಾರಾದ್ರೂ ಹುಡುಗ ಹಾಗಿದ್ರೆ ಹೇಳಿಬಿಡಿ" ಎಂದ. ಈ ಬರಹವನ್ನು ಅವನ ಅನುಮತಿ ಪಡೆದೇ ಬರೆದಿದ್ದೇನೆ.

ಆದ್ದರಿಂದ ಹೇಳಿಬಿಡುತ್ತೇನೆ. ತುಂಬು ತಿಂಗಳಿಗೆ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ವರಿಗೆ ಒಂದಾದರೂ ವೃಷಣ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಹಲವರಲ್ಲಿ ಮೊದಲ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಅಷ್ಟರಮಟ್ಟಿಗೆ ಅಜ್ಜಿಯಂದಿರ ಮಾತು ನಿಜ. ಆದರೆ ಆರು ತಿಂಗಳ ಮೇಲೆ ಇಳಿಯುವುದು ವಿರಳ. ವೃಷಣಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾದ ಜಾಗ ಬೇಕು. ಹೊಟ್ಟೆಯ ಬಿಸಿಯಲ್ಲಿ ಉಳಿದರೆ ವೀರ್ಯಾಣುಗಳ ಮೂಲಕೋಶಗಳು ಕುಂದುತ್ತವೆ, ಮುಂದೆ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಆದ್ದರಿಂದಲೇ ಆರರಿಂದ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೆಂದು ಇಂದಿನ ವೈದ್ಯರು ಹೇಳುತ್ತಾರೆ. ಮೊಮ್ಮಕ್ಕಳಿಗೆ ಎಣ್ಣೆ ನೀರು ಹಾಕುವ ಅಜ್ಜಿಯರೇ, ಮೊದಲು ಗಮನಿಸುವ ಕೈ ನಿಮ್ಮದು. ಕಂಡದ್ದನ್ನು ಮುಚ್ಚಿಡಬೇಡಿ. ಮಾಸ್ತರಾಗಿರುವ ನನ್ನ ಶಿಷ್ಯರೇ, ಆ ಪಾಠವನ್ನು ದಯವಿಟ್ಟು ಬಿಡಬೇಡಿ.

ದೀಪಾವಳಿಯಂದು ಕರೆ ಮಾಡಿದವನು ಸಂಕ್ರಾಂತಿಯ ಹೊತ್ತಿಗೆ ಮತ್ತೆ ಕರೆ ಮಾಡಿದ. ಮಗುವಿನ ರಕ್ತದಲ್ಲಿ ಎ.ಎಂ.ಎಚ್., ಇನ್‌ಹಿಬಿನ್ ಬಿ ಎರಡೂ ಇದ್ದವು. ಅದರ ಭರವಸೆಯ ಮೇಲೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನು ಇಳಿಸಿ ನೋಡಿದಾಗ, ಎರಡೂ ತೊಡೆಸಂದಿಯ ಕಾಲುವೆಯ ಒಳಬಾಗಿಲಲ್ಲಿ ನಿಂತಿದ್ದವಂತೆ. ಶಸ್ತ್ರವೈದ್ಯರು ಕೆಳಗಿಳಿಸಿ ನೆಲೆಗೊಳಿಸಿದ್ದಾರೆ. "ಅಮ್ಮ ಹರಕೆ ತೀರಿಸೋಕೆ ಹೋಗಿದ್ದಾರೆ ಸರ್" ಎಂದು ನಕ್ಕ. "ಹೋಗಲಿ ಬಿಡಪ್ಪ, ಒಳ್ಳೆಯದೇ ಆಯಿತು" ಎಂದೆ. ದೂರದಲ್ಲಿ ಮಗು ಅಳುವ ದನಿ ಕೇಳಿಸುತ್ತಿತ್ತು. ಗಟ್ಟಿ ದನಿ.

ನಿಮ್ಮ ಮೇಷ್ಟ್ರು